ಗಂಟೆಗೆ ಮುಂಚಿನ ಗುಂಯ್

ಫೋನು ಬರುವುದು ಫೋನಿಗಿಂತ ಮೊದಲು ನನ್ನ ಗಂಡನಿಗೆ ಗೊತ್ತಾಗುತ್ತಿತ್ತು. ಇದನ್ನು ಹೇಳಿದರೆ ಜನ ನಗುತ್ತಾರೆ. ನನ್ನ ತಂಗಿಯಂತೂ ಔಷಧಿ ಜಾಸ್ತಿಯಾಗಿರಬೇಕು ಎನ್ನುವ ಹಾಗೆ ನನ್ನ ಮುಖ ನೋಡುತ್ತಾಳೆ. ನೋಡಲಿ, ನಾನು ಕಣ್ಣಾರೆ ಕಂಡಿದ್ದೇನೆ. ಆಸ್ಗರ್ ತೋಟದಲ್ಲಿ ಬಟಾಣಿ ಬಳ್ಳಿಗೆ ಕೋಲು ಕಟ್ಟುತ್ತಿರುತ್ತಿದ್ದ. ಇದ್ದಕ್ಕಿದ್ದಂತೆ ಅವನ ಕೈ ನಿಂತು ತೋರುಬೆರಳು ಮೇಲೇಳುತ್ತಿತ್ತು. “ಬರ್ತಾ ಇದೆ” ಅನ್ನುತ್ತಿದ್ದ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ತೋಟವೆಲ್ಲ ಸುಮ್ಮನಿರುತ್ತಿತ್ತು. ಆಮೇಲೆ ಅವನ ಅಂಗಿಯ ಜೇಬಿನಲ್ಲಿ ಮೊಬೈಲು ಕೂಗಿಕೊಳ್ಳತೊಡಗುತ್ತಿತ್ತು. ಆ ಕೂಗು ಮಾತ್ರ ಅವನಿಗೆ ಕೇಳುತ್ತಿರಲಿಲ್ಲ.

ಗುಟ್ಟೇನೂ ಇಲ್ಲ ಇದರಲ್ಲಿ. ಆಸ್ಗರ್ ರೈಲುಗಳನ್ನು ಸಮುದ್ರ ದಾಟಿಸುವ ಹಡಗಿನ ಎಂಜಿನ್ ಕೋಣೆಯಲ್ಲಿ ಆಯುಷ್ಯ ಕಳೆದವನು. ನಮ್ಮ ಬಂದರಿನ ಊರು ನ್ಯೂಬೋರ್ಗಿನಿಂದ ಆಚೆ ದಡಕ್ಕೆ, ಆಚೆ ದಡದಿಂದ ನ್ಯೂಬೋರ್ಗಿಗೆ. ದಿನವೂ ಸಮುದ್ರದ ಮೇಲಿದ್ದರೂ ಅವನು ಸಮುದ್ರ ನೋಡಿದ್ದು ಕಡಿಮೆ. ಎಂಜಿನ್ನು ಅವನ ಕಿವಿಯಿಂದ ಚೂಪಾದ, ಎತ್ತರದ ಸದ್ದುಗಳನ್ನೆಲ್ಲ ತಿಂದುಹಾಕಿ ದಪ್ಪ ಸದ್ದುಗಳನ್ನು ಅಷ್ಟಿಷ್ಟು ಉಳಿಸಿತ್ತು. ಹಕ್ಕಿಗಳು ಹೋದವು, ಸೈಕಲ್ ಬೆಲ್ಲು ಹೋಯಿತು. ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಆ ಜಾಗದಲ್ಲಿ ಒಂದು ತೂತೇ ಬಿದ್ದಿದೆ, ಎಷ್ಟು ಜೋರು ಮಾಡಿದರೂ ಅಲ್ಲಿ ಏನೂ ಕೇಳುವುದಿಲ್ಲ ಎಂದು ಹೇಳಿದ್ದರು. ಮೊಬೈಲಿನ ಕೀಚಲು ಗಂಟೆ ಸರಿಯಾಗಿ ಆ ತೂತಿನೊಳಗೇ ಬೀಳುತ್ತಿತ್ತು.

ಆದರೆ ಅವನ ಕಿವಿಯ ಹಿಂದೆ ಕೂತಿದ್ದ ಹಳೆಯ ಮಷೀನಿಗೆ ಮೊಬೈಲು ಕಂಡರೆ ಆಗುತ್ತಿರಲಿಲ್ಲ. ರಿಂಗಾಗುವ ಮೊದಲು ಮೊಬೈಲು ಎಲ್ಲೋ ಹೊಲದಾಚೆ ನಿಂತ ಟವರಿನ ಜೊತೆ ಒಳಗೊಳಗೇ ಮಾತಾಡಿಕೊಳ್ಳುತ್ತದಂತೆ. ಆ ಮಾತು ಮಷೀನಿನ ತಂತಿಗೆ ಹೊಕ್ಕು ಅವನ ಕಿವಿಯಲ್ಲಿ ಗುಂಯ್ ಗುಂಯ್ ಗುಂಯ್ ಅನ್ನುತ್ತಿತ್ತು. ದಪ್ಪ ಸದ್ದು, ಅವನಿಗೆ ಚೆನ್ನಾಗಿ ಕೇಳುವ ಸದ್ದು. ನಮ್ಮ ಎಂಜಿನ್ನಿನ ದೂರದ ನೆಂಟ ಎಂದು ಅವನು ಅದನ್ನು ಕರೆಯುತ್ತಿದ್ದ. ಒಮ್ಮೊಮ್ಮೆ ಕರೆ ಇಲ್ಲದೆಯೂ ಒಂದು ಸಣ್ಣ ಗುಂಯ್ ಬಂದು ಹೋಗುತ್ತಿತ್ತು.

“ಅದು ಕರೆ ಅಲ್ಲ ಬಂಗಾರ. ಫೋನು ಕನವರಿಸ್ತಾ ಇದೆ ಅಷ್ಟೆ” ಅನ್ನುತ್ತಿದ್ದ.

ಆ ಫೋನು ಬೇಕಾಗಿದ್ದದ್ದು ನನಗೆ. ನನ್ನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿ, ರಕ್ತ ತೊಳೆಸಿಕೊಂಡು ಬರುತ್ತಿದ್ದೆ. ಬೇರೆಯವರ ಕಿಡ್ನಿಗಾಗಿ ಕಾಯುವವರಲ್ಲಿ ನಾನೂ ಒಬ್ಬಳಾಗಿದ್ದೆ. ನನಗೆ ಹೊಂದುವ ಕಿಡ್ನಿ ಬಂದ ಕೂಡಲೇ ಆಸ್ಪತ್ರೆಯವರು ಫೋನು ಮಾಡುತ್ತಾರೆ, ಎತ್ತಬೇಕು, ಹೊರಡಬೇಕು. ಎತ್ತದಿದ್ದರೆ ಮುಂದಿನವರಿಗೆ. ಕಿಡ್ನಿ ಯಾರಿಗೂ ಕಾಯುವುದಿಲ್ಲ.

ಮನೆಯಲ್ಲಿ ತಂತಿಯ ಫೋನು ಇತ್ತು. ಆದರೆ ವಸಂತದಿಂದ ಎಲೆ ಉದುರುವ ತನಕ ನಾಲ್ಕು ಗೋಡೆಯ ನಡುವೆ ಆ ಫೋನಿನ ಮುಖ ನೋಡುತ್ತ ಕೂರುವವಳು ನಾನಲ್ಲ. ಊರಿನವರಿಗೆ ತುಂಡು ತುಂಡಾಗಿ ಬಾಡಿಗೆಗೆ ಕೊಡುವ, ಊರಾಚೆಯ ಕಾಲೊನಿ ತೋಟಗಳಲ್ಲಿ ನಮ್ಮದೂ ಒಂದು ತುಂಡು ಇದೆ. ಒಂದು ಮರದ ಗುಡಿಸಲು, ಬೇಲಿ, ಬಾವುಟದ ಕಂಬ, ನಾನೇ ಬೆಳೆದರೂ ಕಿಡ್ನಿಯ ಪಥ್ಯದಿಂದ ನಾನು ತಿನ್ನುವ ಹಾಗಿಲ್ಲದ ಆಲೂಗಡ್ಡೆ. ಬೇಸಿಗೆಯೆಲ್ಲ ನಮ್ಮ ವಾಸ ಅಲ್ಲೇ. ನನ್ನ ಹಟ ನೋಡಿ ಆಸ್ಗರ್ ಒಂದು ಮೊಬೈಲು ತಂದ. ಷೂ ತಿಕ್ಕುವ ಬ್ರಷ್ಷಿನಷ್ಟು ದಪ್ಪ. ಅಂಗಿಯ ಎದೆಯ ಜೇಬಿಗೆ ಅದನ್ನು ಇಳಿಸಿಕೊಂಡು, “ಇನ್ನು ನೀನು ನಿಶ್ಚಿಂತೆಯಾಗಿ ಮಲಕ್ಕೋ, ನಾನಿದೀನಿ” ಅಂದ.

ಮಲಗುವುದೇ ನನ್ನ ಕಸುಬಾಗಿತ್ತು. ಡಯಾಲಿಸಿಸ್ ಮುಗಿಸಿ ಬಂದ ಮಧ್ಯಾಹ್ನ ಬರುವ ನಿದ್ದೆ ಸಾಮಾನ್ಯದ್ದಲ್ಲ. ಮನುಷ್ಯ ಒಳಗೊಳಗೆ ಇಳಿಯುತ್ತ ಹೋಗುತ್ತಾನೆ, ಮೇಲಿನಿಂದ ಯಾರು ಕೂಗಿದರೂ ಆ ಕೂಗೂ ಕನಸಿನ ಒಂದು ಸಾಮಾನಾಗಿಬಿಡುತ್ತದೆ. ಎದ್ದ ಮೇಲೂ ಸ್ವಲ್ಪ ಹೊತ್ತು ಗುಡಿಸಲಿನ ಕಿಟಕಿ ಯಾವುದು, ಕನಸಿನ ಕಿಟಕಿ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಆ ವರ್ಷ ಸಮುದ್ರದ ಮೇಲೆ ಸೇತುವೆ ಇನ್ನೂ ಕಟ್ಟುತ್ತಿದ್ದರು. ಮಂಜು ಬಿದ್ದ ದಿನ ಅದು ನಡುನೀರಿನವರೆಗೆ ಹೋಗಿ ಮುಂದೆ ಇರುತ್ತಲೇ ಇರಲಿಲ್ಲ. ನನಗೆ ಅದು ವಿಚಿತ್ರ ಅನ್ನಿಸುತ್ತಿರಲಿಲ್ಲ.

ಹೀಗಿರುವಾಗ ಕಿವುಡರ ಸಂಘದ ಕಾಫಿ ಸಭೆಗೆ ವಿಬೆಕೆ ಬಂದಳು. ಅವಳು ಒಂದು ಪ್ರಯೋಗಶಾಲೆಯ ಇಂಜಿನಿಯರ್ ಹುಡುಗಿ, ಉದ್ದ ಜಡೆ, ಕಾಲಿಗೆ ಮರದ ಚಪ್ಪಲಿ. ಮೊಬೈಲುಗಳು ಹೆಚ್ಚುತ್ತಿವೆ, ಬಸ್ಸಿನಲ್ಲಿ ಪಕ್ಕದವನು ಮೊಬೈಲು ತೆಗೆದರೆ ಮಷೀನು ಹಾಕಿಕೊಂಡವರ ಕಿವಿಯಲ್ಲಿ ಕಣಜದ ಹುಳು ಗುಂಯ್‌ಗುಟ್ಟಿದ ಹಾಗಾಗುತ್ತದೆ, ಯಾವ ಮಷೀನು ಎಷ್ಟು ತಡೆಯುತ್ತದೆ ಎಂದು ಅಳೆಯಬೇಕು, ಅದಕ್ಕೆ ನಿಜವಾದ ಕಿವಿಗಳು ಬೇಕು ಎಂದಳು. ಉಳಿದವರು ಮುಖ ಮುಖ ನೋಡಿಕೊಂಡರು. ಆಸ್ಗರ್ ಕೈ ಎತ್ತಿದ. ಒಬ್ಬಳೇ ಬಿಟ್ಟು ಹೋಗಲಾರ ಎಂದು ನನ್ನನ್ನೂ ಕರೆದುಕೊಂಡು ಹೋದ.

ಪರೀಕ್ಷೆಯ ಕೋಣೆಯೊಳಗೆ ಹೋಗುವ ಮೊದಲು ಮೈಮೇಲಿನ ಲೋಹವನ್ನೆಲ್ಲ ಕಳಚಿಡಬೇಕಿತ್ತು. ಬೆಲ್ಟು, ಬೀಗದಕೈ, ನನ್ನ ಕೂದಲ ಪಿನ್ನು. ಲೋಹವಿದ್ದರೆ ಅಲೆಗಳು ಅಡ್ಡಾದಿಡ್ಡಿ ತಿರುಗುತ್ತವಂತೆ. ಆಸ್ಗರನ ಮದುವೆಯ ಉಂಗುರ ಬೆರಳಿನಿಂದ ಬರಲೇ ಇಲ್ಲ. ವಿಬೆಕೆ ಸೋಪು ತಂದಳು.

“ಇಷ್ಟು ವರ್ಷ ನಾನೇ ಬಿಡಿಸೋಕೆ ನೋಡಿದೀನಿ, ಬಂದಿಲ್ಲ. ನಿನ್ನ ಸೋಪಿಗೆ ಬರುತ್ತಾ ನೋಡು” ಅಂದೆ.

“ಬಂದ್ರೆ ವಾಪಸ್ ಹಾಕಿಸಿಕೊಳ್ಳಲ್ಲ ನಾನು” ಎಂದ ಆಸ್ಗರ್. ಉಂಗುರ ಬಂತು. ಬೆರಳಿನಲ್ಲಿ ಬಿಳಿಯ ಪಟ್ಟಿ ಉಳಿದಿತ್ತು. ಅದನ್ನು ನೋಡಿ ನನಗೆ ಯಾಕೋ ಕಸಿವಿಸಿಯಾಯಿತು.

ಮೊದಲು ಮಷೀನನ್ನು ಒಂಟಿಯಾಗಿ ಪರೀಕ್ಷಿಸುತ್ತಿದ್ದರು. ಆಸ್ಗರನ ಕಿವಿಯಿಂದ ಅದನ್ನು ಬಿಚ್ಚಿ ಒಂದು ಪೆಟ್ಟಿಗೆಯೊಳಗೆ ಮಲಗಿಸಿ, ಅದರ ಬಾಯಿಗೆ ಉದ್ದನೆಯ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ, ಆ ಕೊಳವೆಯ ಇನ್ನೊಂದು ತುದಿಯಲ್ಲಿ ಪೆಟ್ಟಿಗೆಯ ಆಚೆ ಮೈಕು ಇಡುತ್ತಿದ್ದರು. ಮೈಕು ಒಳಗಿದ್ದರೆ ಅದೂ ಗುಂಯ್ ಅಂದುಬಿಡುತ್ತದೆ, ಯಾರು ಅಂದದ್ದು ಎಂದು ತಿಳಿಯುವುದಿಲ್ಲ. ಆಮೇಲೆ ಪೆಟ್ಟಿಗೆಯೊಳಗೆ ಅಲೆ ಬಿಟ್ಟು, ಮಷೀನನ್ನು ಆ ಕಡೆ ಈ ಕಡೆ ತಿರುಗಿಸಿ, ಯಾವ ಭಂಗಿಯಲ್ಲಿ ಅತಿ ಹೆಚ್ಚು ಗೊಣಗುತ್ತದೋ ಅದನ್ನು ಹುಡುಕುತ್ತಿದ್ದರು. ಆ ಭಂಗಿಯ ಗೊಣಗಾಟವೇ ಅದರ ಲೆಕ್ಕ.

“ಒಳ್ಳೆ ಭಂಗಿಗೆ ಬೆಲೆ ಇಲ್ವಾ?” ಎಂದು ಕೇಳಿದೆ.

“ಇಲ್ಲ ಎಲ್ನಾ. ಜನ ತಲೆ ಹೇಗ್ ಬೇಕಾದ್ರೂ ತಿರುಗಿಸ್ತಾರಲ್ಲ. ಕೆಟ್ಟದ್ದನ್ನೇ ಹಿಡೀಬೇಕು” ಎಂದಳು ವಿಬೆಕೆ.

“ನಮ್ಮತ್ತೆ ಸೊಸೆಯಂದಿರನ್ನ ಹೀಗೇ ಅಳೀತಿದ್ಲು” ಅಂದೆ. ವಿಬೆಕೆಗೆ ನಗು ತಡೆಯಲಾಗಲಿಲ್ಲ. ಆಸ್ಗರನ ಕಿವಿಯಲ್ಲಿ ಆಗ ಮಷೀನಿರಲಿಲ್ಲ, ಬದುಕಿಕೊಂಡೆ.

ಆಸ್ಗರನ ಮಷೀನು ಪೆಟ್ಟಿಗೆಯಲ್ಲಿ ಕಿರಿಚಾಡಿಬಿಟ್ಟಿತು. ಇಷ್ಟು ಗೊಣಗುವ ಮಷೀನನ್ನು ಅವರ್‍ಯಾರೂ ಕಂಡಿರಲಿಲ್ಲವಂತೆ. ಪಕ್ಕದ ಕೋಣೆಗಳಿಂದ ಇಂಜಿನಿಯರುಗಳು ಎದ್ದು ಬಂದು, ಹೊಸ ಕೂಸನ್ನು ನೋಡುವ ಹಾಗೆ ನೋಡಿ ಹೋದರು.

ಎರಡನೆಯ ಪರೀಕ್ಷೆ ಮನುಷ್ಯರದ್ದು. ಗೋಡೆ, ಸೂರು, ನೆಲ ಎಲ್ಲಕ್ಕೂ ಸ್ಪಂಜಿನ ಮೊನೆಗಳನ್ನು ಅಂಟಿಸಿದ ಕೋಣೆ, ನಡುವೆ ಮೊಳೆಯಿಲ್ಲದ ಮರದ ಕುರ್ಚಿ. ಅಲ್ಲಿ ಸದ್ದು ಹುಟ್ಟಿದ ಜಾಗದಲ್ಲೇ ಸಾಯುತ್ತದೆ. ಅವರು ಹೊರಗೆ ತಯಾರಿ ಮಾಡಿಕೊಳ್ಳುವಾಗ ನನ್ನನ್ನು ಸ್ವಲ್ಪ ಹೊತ್ತು ಆ ಕುರ್ಚಿಯಲ್ಲಿ ಕೂರಗೊಟ್ಟರು. ನಾನು ಕಣ್ಣು ಮುಚ್ಚಿದೆ. ಆಗ ನನ್ನ ಎಡಗೈ ಹಾಡುವುದು ಕೇಳಿಸಿತು. ಸೂಜಿ ಚುಚ್ಚಲು ಅನುಕೂಲವಾಗಲಿ ಎಂದು ನನ್ನ ಮುಂದೋಳಿನಲ್ಲಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದಾರೆ, ಅಲ್ಲಿ ರಕ್ತ ಸದಾ ಹರಿದು ಗುಮ್ಮೆನ್ನುತ್ತಿರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ, ಮಷೀನು ಹಾಕಿಕೊಳ್ಳುವುದಕ್ಕೂ ಮೊದಲು, ಆಸ್ಗರ್ ಅಲ್ಲಿ ಕಿವಿಯೊತ್ತಿ ಎಲ್ಲ ಸರಿಯಾಗಿದೆಯೇ ಎಂದು ಕೇಳುತ್ತಾನೆ. ನನ್ನಲ್ಲಿ ಅವನಿಗೆ ಮಷೀನಿಲ್ಲದೆ ಕೇಳುವುದು ಅದೊಂದೇ. ಆ ಕೋಣೆಯಲ್ಲಿ ಅವನ ಕಿವಿಗೆ ಬೀಳುವುದು ಏನೆಂದು ಮೊದಲ ಸಲ ನನಗೂ ತಿಳಿಯಿತು. ಮತ್ತೆ ಎಬ್ಬಿಸಿದಾಗ ಎದ್ದು ಬರಲು ಮನಸ್ಸಿರಲಿಲ್ಲ.

ಆಮೇಲೆ ಆಸ್ಗರ್ ಕೂತ. ಮರದ ಹಳಿಯ ಮೇಲೆ ಒಂದು ಮೊಬೈಲನ್ನು ದೂರದಿಂದ ಮೆಲ್ಲಗೆ ಹತ್ತಿರ ತರುತ್ತಾರೆ, ತೊಂದರೆ ಅನ್ನಿಸಿದ ಕೂಡಲೇ ಅವನು ಕೈಯಲ್ಲಿರುವ ಗುಂಡಿ ಒತ್ತಬೇಕು. ಹೊರಗಿನ ಕೋಣೆಯಲ್ಲಿ ನಾವು ಟಿವಿಯ ಪರದೆಯಲ್ಲಿ ಅವನನ್ನು ನೋಡುತ್ತಿದ್ದೆವು. ಮೊಬೈಲು ಬಂತು, ಬಂತು, ಹತ್ತಿರ ಬಂತು. ಬೇರೆಯವರೆಲ್ಲ ಮಷೀನನ್ನು ಕಿತ್ತೆಸೆಯುವ ಜಾಗವನ್ನೂ ದಾಟಿ ಬಂತು. ಆಸ್ಗರ್ ಬಿಸಿಲು ಕಾಯಿಸಿಕೊಳ್ಳುವವನ ಹಾಗೆ ಕೂತಿದ್ದ. ವಿಬೆಕೆ ಬಾಗಿಲು ತೆರೆದು ಒಳಗೆ ಹೋದಳು.

“ಆಸ್ಗರ್, ಗುಂಡಿ ಕೆಲಸ ಮಾಡ್ತಿದೆಯಾ?”

“ಮಾಡ್ತಿದೆ.”

“ಮತ್ತೆ ಒತ್ತಲ್ಲ ಯಾಕೆ? ಸದ್ದು ಬರ್ತಿಲ್ವಾ?”

“ಬರ್ತಿದೆಯಲ್ಲ, ಚೆನ್ನಾಗೇ ಬರ್ತಿದೆ. ತೊಂದ್ರೆ ಆದ್ರೆ ಒತ್ತು ಅಂದೆ ನೀನು. ತೊಂದ್ರೆ ಆಗ್ತಿಲ್ಲ.”

ವಿಬೆಕೆ ತಲೆ ಕೆರೆದುಕೊಂಡಳು. ಅತಿ ಕೆಟ್ಟ ಮಷೀನು, ಅತಿ ಒಳ್ಳೆಯ ಉತ್ತರ. ನಿಜ ಹೇಳಿಬಿಡಬಹುದಿತ್ತು ಆಸ್ಗರ್. ಈ ಸದ್ದು ನನಗೆ ಬೇಕಮ್ಮ, ನನ್ನ ಹೆಂಡತಿಯ ಜೀವದ ಗಂಟೆ ಇದು ಎನ್ನಬಹುದಿತ್ತು. ಅನ್ನಲಿಲ್ಲ. ನಮ್ಮ ಜನ ಹೀಗೇ. ಸಾಲಿನಲ್ಲಿ ನಿಂತು ನನ್ನದೊಂದು ಬೇರೆ ಕಷ್ಟ ಎಂದು ಹೇಳಿಕೊಳ್ಳುವುದಕ್ಕಿಂತ ಕಷ್ಟವನ್ನೇ ಪಡುವುದು ಲೇಸು ಅನ್ನುವವರು. ನನಗೆ ಇದರ ಮೇಲೆ ಸಿಟ್ಟಿದೆ, ಆದರೆ ನಾನೂ ಅಂಥವಳೇ. ನಾನೂ ಬಾಯಿ ಬಿಡಲಿಲ್ಲ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಒಂದು ಶುಕ್ರವಾರ ನಮ್ಮನ್ನು ಮತ್ತೆ ಕರೆದರು. ಮೇಜಿನ ಮೇಲೆ ಬಾದಾಮಿ ತುಂಬಿದ ಸಿಹಿ ಬ್ರೆಡ್ಡು ಕ್ರಿಂಗ್ಲೆ, ಅದರ ಮೇಲೆ ಕಡ್ಡಿಗೆ ಅಂಟಿಸಿದ ಕಾಗದದ ಬಾವುಟಗಳು, ಕಾಫಿ. ಎಲ್ಲರೂ ಎದ್ದು ನಿಂತರು. ವಿಬೆಕೆ ಒಂದು ಪುಟ್ಟ ಡಬ್ಬಿಯನ್ನು ಆಸ್ಗರನ ಕೈಗಿಟ್ಟಳು. ಅದರೊಳಗೆ ಹೊಸ ಮಷೀನು, ಮೊಬೈಲನ್ನು ಕಿವಿಗೇ ಒತ್ತಿ ಹಿಡಿದರೂ ಒಂದಿಷ್ಟೂ ಗುಂಯ್ ಅನ್ನದ್ದು. ಅಷ್ಟೇ ಅಲ್ಲ, ದೊಡ್ಡ ಸದ್ದನ್ನು ಹಾಗೇ ಬಿಟ್ಟು ಮೆಲುದನಿಗಳನ್ನು ಮಾತ್ರ ಎತ್ತಿಕೊಡುವಂಥದ್ದು. ಇದು ಅವರ ಕಡೆಯಿಂದ ಉಡುಗೊರೆ. ಪ್ರತಿಯಾಗಿ ಅವನ ಹಳೆಯ ಮಷೀನನ್ನು ಅವರಿಗೆ ಕೊಡಬಹುದೇ ಎಂದು ಕೇಳಿದಳು. ಅಷ್ಟು ಗೊಣಗುವುದು ಬೇರೆಲ್ಲೂ ಸಿಗುವುದಿಲ್ಲ, ಮುಂದೆ ಬರುವ ಮಷೀನುಗಳನ್ನೆಲ್ಲ ಅದರ ಪಕ್ಕ ಇಟ್ಟು ಅಳೆಯುತ್ತೇವೆ ಎಂದಳು.

ಆಸ್ಗರ್ ಹೊಸದನ್ನು ಹಾಕಿಕೊಂಡು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಯಾರೋ ಅವನಿಗೆ ಹೊರಗಿನ ಮರ ತೋರಿಸುತ್ತಿದ್ದರು. ನಾನು ಅವನ ಬೆನ್ನ ಹಿಂದೆ, ಕೋಣೆಯ ಇನ್ನೊಂದು ತುದಿಯಲ್ಲಿ ಕೂತಿದ್ದೆ. ಸುಸ್ತಾಗಿತ್ತು. ಕಾಯಿಲೆ ಬಂದ ಮೇಲೆ ನನ್ನ ದನಿ ಸಣ್ಣಗಾಗಿ ಹೋಗಿತ್ತು. ಕೂಗಿದರೆ ಎದೆ ಬಡಿದುಕೊಳ್ಳುತ್ತಿತ್ತು, ಕೂಗದಿದ್ದರೆ ಅವನಿಗೆ ಕೇಳುತ್ತಿರಲಿಲ್ಲ. ಹಾಗಾಗಿ ಮನೆಯಲ್ಲಿ ನಾವು ಊಟ, ಔಷಧಿ, ಬಾಗಿಲು, ಬೀಗ ಇಷ್ಟನ್ನೇ ಮಾತಾಡುವವರಾಗಿದ್ದೆವು. ಬೇರೆ ಮಾತುಗಳನ್ನೆಲ್ಲ ನಾನು ನನಗೇ ಹೇಳಿಕೊಳ್ಳುತ್ತಿದ್ದೆ. ಆಗಲೂ ಹಾಗೇ ಅಂದುಕೊಂಡೆ, ತುಟಿ ಸ್ವಲ್ಪ ಅಲ್ಲಾಡಿತಷ್ಟೆ. “ಸಾಕಾಯ್ತಪ್ಪ. ಮನೆಗೆ ಹೋಗೋಣ.”

ಆಸ್ಗರ್ ತಿರುಗಿದ. “ಹ್ಞೂ, ಹೋಗೋಣ” ಅಂದ.

ನನಗೆ ಅಳು ತಡೆಯಲಾಗಲಿಲ್ಲ. ಕ್ರಿಂಗ್ಲೆ ತುಂಬಿದ ತಟ್ಟೆಗಳನ್ನು ಹಿಡಿದುಕೊಂಡು ಇಂಜಿನಿಯರುಗಳೆಲ್ಲ ನೋಡುತ್ತಿದ್ದಾರೆ, ನಾನು ಮಗುವಿನ ಹಾಗೆ ಅಳುತ್ತಿದ್ದೇನೆ. ವಿಬೆಕೆ ಹಳೆಯ ಮಷೀನಿಗಾಗಿ ಅಂಗೈ ಚಾಚಿಕೊಂಡು ನಿಂತಿದ್ದಳು. ಆಸ್ಗರ್ ನನ್ನ ಮುಖ ನೋಡಿದ. ಅವನು ಕೇಳುತ್ತಿರುವುದು ಏನೆಂದು ನನಗೆ ಗೊತ್ತಿತ್ತು. ನಾನು ತಲೆಯಾಡಿಸಿದೆ, ಕೊಡು ಎಂದು. ಅವನು ಕೊಟ್ಟ.

ರೈಲಿನಲ್ಲಿ ಅವನು ಜೇಬಿನಿಂದ ಮೊಬೈಲು ತೆಗೆದು ನೋಡಿದ.

“ಫೋನಿನ ಗತಿ ಏನು?” ಎಂದ.

“ರಿಂಗು ನಂಗೆ ಕೇಳುತ್ತಲ್ಲ. ನನ್ ಕಿವಿಗೇನಾಗಿದೆ? ಮಲಗೋವಾಗ ದಿಂಬಿನ ಪಕ್ಕ ಇಟ್ಕೋತೀನಿ.”

“ನಿನ್ ನಿದ್ದೆ ನಿಂಗೊತ್ತಲ್ಲ ಬಂಗಾರ.”

“ಕಿವಿ ಪಕ್ಕದಲ್ಲೇ ಕಿರುಚಿದ್ರೆ ಹೆಣಾನೂ ಏಳುತ್ತೆ. ಸುಮ್ನಿರು ಮುದುಕ, ಇವತ್ತೊಂದಿನ ಖುಷಿಯಾಗಿರೋಣ” ಅಂದೆ.

ಖುಷಿಯಾಗಿಯೇ ಇದ್ದೆವು. ಅಂಥ ದಿನಗಳನ್ನು ನಾನು ಮದುವೆಯಾದ ಹೊಸತರಲ್ಲೂ ಕಂಡಿರಲಿಲ್ಲ. ಆಗ ಅವನು ಹಡಗಿನಲ್ಲಿರುತ್ತಿದ್ದ. ಈಗ ತೋಟದಲ್ಲಿ ಅವನು ಬೇಲಿಯ ಆ ಕಡೆ, ನಾನು ಕುರ್ಚಿಯಲ್ಲಿ ಈ ಕಡೆ, ಗಾಳಿಗೆ ಹೇಳಿದ ಹಾಗೆ ಮಾತಾಡಿದರೂ ಉತ್ತರ ಬರುತ್ತಿತ್ತು. ಅವನಿಗೆ ಜಲ್ಲಿಯ ಮೇಲೆ ನನ್ನ ಚಪ್ಪಲಿಯ ಸದ್ದು ಕೇಳುತ್ತಿತ್ತು. ಕೆಟಲು ಕುದಿಯುವ ಮೊದಲು ಗೊಣಗುವುದು ಕೇಳುತ್ತಿತ್ತು. ಬಾವುಟ ಕಂಬಕ್ಕೆ ಬಡಿಯುವುದು, ಸೇಬಿನ ಮರದ ಎಲೆ, ಪಕ್ಕದ ತೋಟದವರು ನಮ್ಮ ಬಗ್ಗೆ ಆಡಿಕೊಳ್ಳುವುದು, ಎಲ್ಲವೂ. ಹಕ್ಕಿಗಳು ಮಾತ್ರ ಬರಲಿಲ್ಲ, ಆ ತೂತು ತೂತೇ. ನಾನು ಹಿಂದಿನ ಎಷ್ಟೋ ವರ್ಷಗಳ ಮಾತನ್ನು ಒಂದೊಂದಾಗಿ ಅವನಿಗೆ ಹೇಳಿದೆ. ಸತ್ತುಹೋದ ನನ್ನ ಅಮ್ಮ ಕೊನೆಗೆ ಅಂದದ್ದು, ಅವನ ಹಡಗಿನ ಅಡುಗೆಯವನು ಒಮ್ಮೆ ನನ್ನನ್ನು ಕುಣಿಯಲು ಕರೆದದ್ದು.

“ಯಾವಾಗ?” ಎಂದ.

“ನೀನು ಆ ಎಂಜಿನ್ ಜೊತೆ ಸಂಸಾರ ಮಾಡ್ತಿದ್ದಾಗ.”

“ಕುಣಿದ್ಯಾ?”

“ಕುಣಿದೆ. ಚೆನ್ನಾಗೇ ಕುಣಿದೆ.”

ಅವನು ಬಹಳ ನಕ್ಕ. ಆಮೇಲೆ, “ನಿನ್ ದನಿ ಹೀಗಿದೆ ಅಂತ ಮರ್ತೇ ಹೋಗಿತ್ತು ಕಣೆ. ನಂಗೆ ಕೇಳ್ತಿದ್ದಿದ್ದು ಬರೀ ನಿನ್ ಕೂಗು” ಅಂದ. ಅವನಿಗೆ ನಾನು ಜಗಳಗಂಟಿಯ ಹಾಗೆ ಕಂಡಿರಬೇಕು ಇಷ್ಟು ವರ್ಷ ಎಂದು ಆಗ ಹೊಳೆಯಿತು.

ನಿದ್ದೆಗೆ ಹೋಗುವಾಗ ಮೊಬೈಲು ದಿಂಬಿನ ಪಕ್ಕಕ್ಕೆ ಬರುತ್ತಿತ್ತು. ಎದ್ದ ಮೇಲೆ ಅವನ ಜೇಬಿಗೆ ಹೋಗುತ್ತಿತ್ತು, ಏಕೆಂದರೆ ನನ್ನ ಕೈಗೆ ಅದು ಭಾರ. ಹೀಗೆ ಅದು ಇಬ್ಬರ ನಡುವೆ ಓಡಾಡುತ್ತ ಬೇಸಿಗೆ ನಡುವಿಗೆ ಬಂತು.

ಆ ದಿನ ಡಯಾಲಿಸಿಸ್ ಇತ್ತು. ತೋಟಕ್ಕೆ ಬಂದಾಗ ಬಿಸಿಲು ಬಿಳಿಚಿಕೊಂಡಿತ್ತು, ಸಮುದ್ರದಿಂದ ತೆಳ್ಳನೆ ಮಂಜು ಏಳುತ್ತಿತ್ತು. ನನಗೆ ಗಂಟಲು ಒಣಗಿತ್ತು. ನನಗೆ ದಿನಕ್ಕೆ ಕುಡಿಯಲು ಕೊಡುವುದು ಒಂದೆರಡು ಬಟ್ಟಲು ನೀರು, ಅದೂ ಮುಗಿದಿತ್ತು. ಆಸ್ಗರ್ ನನ್ನ ಕಾಲಿಗೆ ಹೊದಿಕೆ ಹಾಕಿದ, ಕಿಟಕಿಯ ಪರದೆ ಎಳೆದ. ಚಳಿಯೆಂದು ಅಂಗಿಯ ಮೇಲೆ ಉಣ್ಣೆಯ ಸ್ವೆಟರು ಏರಿಸಿಕೊಂಡ. ಮೊಬೈಲು ಅಂಗಿಯ ಜೇಬಿನಲ್ಲೇ ಉಳಿಯಿತು. ವಸಂತದಿಂದಲೂ ಅದು ಅಲ್ಲೇ ಇದ್ದದ್ದು, ಕೈಗೆ ಅದರ ನೆನಪಾಗಲಿಲ್ಲ. ನನಗೂ ಆಗಲಿಲ್ಲ. ನಾನು ಆಗಲೇ ಇಳಿಯುತ್ತಿದ್ದೆ.

ಕನಸಿನಲ್ಲಿ ತೋಟದ ದಾರಿಗಳಲ್ಲೆಲ್ಲ ನೀರು ಹರಿಯುತ್ತಿತ್ತು, ತಣ್ಣಗೆ, ಮೊಣಕಾಲುದ್ದ. ಆಸ್ಗರನ ಹಡಗು ಬೇಲಿಗಳ ನಡುವೆ ಸದ್ದಿಲ್ಲದೆ ಬರುತ್ತಿತ್ತು, ಅದರೊಳಗೆ ರೈಲು, ರೈಲಿನ ಕಿಟಕಿಗಳಲ್ಲಿ ಯಾರ್‍ಯಾರೋ ನನಗೆ ಕೈಬೀಸುತ್ತಿದ್ದರು. ನಾನು ಚಿಕ್ಕವಳು, ಅಂಗಾಲಿಗೆ ನೀರು ಹಿತವಾಗಿತ್ತು. ಆಗ ದೂರದಲ್ಲಿ ಐಸ್‌ಕ್ರೀಂ ಗಾಡಿಯ ಗಂಟೆ ಬಾರಿಸಿತು. ಮಕ್ಕಳೆಲ್ಲ ಓಡಿದರು. ಗಂಟೆ ಹತ್ತಿರ ಬಂತು, ನಮ್ಮ ಗೇಟಿನ ಮುಂದೆಯೇ ನಿಂತು ಬಾರಿಸಿತು. ನನಗೆ ಎಷ್ಟು ಆಸೆಯಾಯಿತೆಂದರೆ ನಾಲಗೆಯ ಮೇಲೆ ಆಗಲೇ ತಂಪು ಇತ್ತು. ಗಾಡಿಯವನು ನನ್ನ ಕಡೆಗೇ ನೋಡುತ್ತಿದ್ದ. ಮತ್ತೆ ಬಾರಿಸಿದ. ನನಗೆ ನೀರಿನ ಲೆಕ್ಕ ಮುಗಿದಿದೆ, ಕೊಡುವುದಿಲ್ಲ, ಸುಮ್ಮನೆ ಅವನನ್ನು ಕಾಯಿಸುವುದೇಕೆ ಅನ್ನಿಸಿತು. ಇನ್ನೊಮ್ಮೆ ಬಾರಿಸಿದ. ಹೋಗಲಿ ಬಿಡು ಅಂದೆ. ಗಾಡಿ ಹೋಯಿತು. ನೀರು ಮತ್ತೆ ತಣ್ಣಗೆ ಹರಿಯತೊಡಗಿತು.

ಎಚ್ಚರವಾದಾಗ ಮಂಜು ಕಿಟಕಿಗೆ ಬಂದಿತ್ತು. ಆಸ್ಗರ್ ಹೊರಗಡೆ ಕೆಟಲಿಗೆ ನೀರು ತುಂಬುತ್ತಿದ್ದ. ಒಲೆಯ ಬಿಸಿಗೆ ಸೆಕೆಯಾಗಿ ಸ್ವೆಟರನ್ನೂ ಅಂಗಿಯನ್ನೂ ಬಿಚ್ಚಿ ಒಳಗೆ ಬಾಗಿಲ ಗೂಟಕ್ಕೆ ತೂಗುಹಾಕಿದ್ದ. ಜೇಬಿನಲ್ಲಿ ಮೊಬೈಲಿನ ತಲೆ ಕಾಣುತ್ತಿತ್ತು. ಅದನ್ನು ನೋಡಿದ ಕೂಡಲೇ ನಾನು ಎದ್ದು ಕೂತೆ. ಕೈಗೆ ತೆಗೆದುಕೊಂಡಾಗ ಅದರ ಪುಟ್ಟ ಹಸಿರು ಕಿಟಕಿಯಲ್ಲಿ, ಉತ್ತರಿಸದ ಕರೆಗಳಿವೆ ಎಂದು ಬರೆದಿತ್ತು.

ಆಸ್ಪತ್ರೆಗೆ ಫೋನು ಹಚ್ಚಿದೆ. ಆ ಸಂಖ್ಯೆ ನನಗೆ ಬಾಯಿಪಾಠ. ಅತ್ತಲಿಂದ ನರ್ಸು ಮಾತಾಡಿದಳು, ದಿನ ಬಿಟ್ಟು ದಿನ ನನಗೆ ಸೂಜಿ ಚುಚ್ಚುವವಳೇ.

“ಎಲ್ನಾ! ಎಲ್ಲಿದ್ದೆ ಮಾರಾಯ್ತಿ? ಮೊಬೈಲಿಗೆ ಮಾಡಿದ್ವಿ, ಮನೆಗೂ ಮಾಡಿದ್ವಿ, ಮತ್ತೆ ಮೊಬೈಲಿಗೆ ಮಾಡಿದ್ವಿ.”

“ಮಲಗಿದ್ದೆ” ಅಂದೆ.

“ಕಿಡ್ನಿ ಚೆನ್ನಾಗಿ ಹೊಂದ್ತಿತ್ತು. ಕಾಯೋಕೆ ಆಗ್ಲಿಲ್ಲ ಎಲ್ನಾ. ಇನ್ನೊಬ್ರಿಗೆ ಹೋಯ್ತು, ಅವ್ರು ಆಗ್ಲೇ ದಾರೀಲಿದಾರೆ. ಇನ್ನೊಂದು ಬರುತ್ತೆ. ಬಂದೇ ಬರುತ್ತೆ.”

“ಹೂಂ” ಅಂದೆ. ಅವರಿಗೆ ಒಳ್ಳೆಯದಾಗಲಿ ಎಂದೂ ಅಂದೆ, ಹಾಗೆ ಅನ್ನಬೇಕಲ್ಲ. ಆದರೆ ಒಳಗೆ ನಾನು ಆ ದಾರಿಯಲ್ಲಿರುವ ಅವರ್‍ಯಾರನ್ನೋ ಶಪಿಸುತ್ತಿದ್ದೆ. ಆಸ್ಗರನನ್ನು ಶಪಿಸುತ್ತಿದ್ದೆ. ವಿಬೆಕೆಯ ಜಡೆ, ಬಾವುಟ ಚುಚ್ಚಿದ ಆ ಕ್ರಿಂಗ್ಲೆ, ಯಾವುದನ್ನೂ ಬಿಡಲಿಲ್ಲ. ಕೊನೆಗೆ ಅಂದು ಕೊಡು ಎಂದು ತಲೆಯಾಡಿಸಿದ ನನ್ನ ತಲೆಗೇ ಬಂದು ನಿಂತೆ. ನನಗೆ ಬದುಕಬೇಕು ಎಂದು ಎಷ್ಟು ಆಸೆಯಿತ್ತೆಂಬುದು ಆ ಹೊತ್ತಿನವರೆಗೆ ನನಗೆ ಗೊತ್ತಿರಲಿಲ್ಲ. ಅವನು ಒಳಗೆ ಬರಲಿ, ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತೇನೆ ಎಂದು ಕಾದು ಕೂತೆ.

ಆಸ್ಗರ್ ಕಾಫಿಯ ತಟ್ಟೆ ಹಿಡಿದು ಬಂದ. ಅವನ ಮುಖದಲ್ಲಿ ಒಂದು ಬೆಳಕಿತ್ತು, ಹೇಳಲೋ ಬೇಡವೋ ಎಂದು ನಾಚಿಕೊಳ್ಳುವವನ ಹಾಗೆ. ತಟ್ಟೆ ಇಟ್ಟು ನನ್ನ ಹಾಸಿಗೆಯ ಅಂಚಿನಲ್ಲಿ ಕೂತ.

“ಎಲ್ನಾ, ಒಂದು ಹೇಳ್ತೀನಿ. ನಗಬಾರ್ದು.”

ಹೊದಿಕೆಯ ಕೆಳಗೆ ನಾನು ಮೊಬೈಲನ್ನು ಬಿಗಿಯಾಗಿ ಹಿಡಿದುಕೊಂಡೆ.

“ನೀನು ಮಲಗಿದ್ದಾಗ ನಾನು ಈ ಬಾಗಿಲಲ್ಲೇ ನಿಂತಿದ್ದೆ. ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ. ಬಂದ್ರೆ, ನಿನ್ ಉಸಿರು ಕೇಳಿಸ್ತು ಕಣೆ. ಉಸಿರು! ಒಳಗೆ ಹೋಗೋವಾಗ ಒಂಥರ, ಹೊರಗೆ ಬರೋವಾಗ ಒಂಥರ. ನಡುವೆ ಒಂಚೂರು ನಿಲ್ಲುತ್ತೆ, ಆಗ ನಂಗೆ ಭಯ ಆಗೋದು, ಮತ್ತೆ ಶುರು ಆಗೋದು. ಕಾಲು ನೋಯ್ತಿತ್ತು, ಆದ್ರೂ ಹೋಗೋಕೇ ಮನಸ್ಸು ಬರ್ಲಿಲ್ಲ. ಎಷ್ಟ್ ಹೊತ್ತು ನಿಂತಿದ್ನೋ ದೇವ್ರಿಗೇ ಗೊತ್ತು.”

ಅವನ ಎದೆಯ ಮೇಲೆ, ಉಣ್ಣೆಯ ಕೆಳಗೆ, ಆಗ ಮೊಬೈಲು ಕೂಗುತ್ತಿತ್ತು. ಅವನು ನನ್ನ ಉಸಿರು ಕೇಳುತ್ತಿದ್ದ.

“ಇನ್ನೊಂದು ಗೊತ್ತಾ? ನಿದ್ದೇಲಿ ಮಾತಾಡಿದೆ ನೀನು. ಪಿಸುಪಿಸು ಅಂತ. ಅದೂ ಕೇಳಿಸ್ತು ನಂಗೆ!”

“ಏನಂದೆ?”

“ಹೋಗ್ಲಿ ಬಿಡು, ಅಂದೆ. ಯಾರಿಗೆ ಅಂದಿದ್ದು?”

ನನ್ನ ನಾಲಗೆಯ ತುದಿಯಲ್ಲಿ ಸಿದ್ಧವಾಗಿದ್ದ ಮಾತು ಎಲ್ಲಿ ಹೋಯಿತೋ. ಅವನು ಮಷೀನಿರುವ ಕಿವಿಯನ್ನು ನನ್ನ ಕಡೆಗೆ ಸ್ವಲ್ಪ ಬಾಗಿಸಿಕೊಂಡು, ನಾನು ಏನು ಹೇಳಿದರೂ ಸರಿ, ಹೇಳಿದರೆ ಸಾಕು ಎನ್ನುವ ಹಾಗೆ ಕಾಯುತ್ತಿದ್ದ.

“ಐಸ್‌ಕ್ರೀಂ ಗಾಡಿಯವನಿಗೆ” ಅಂದೆ.

ಅವನು ತೊಡೆ ತಟ್ಟಿಕೊಂಡು ನಕ್ಕ. “ಅಯ್ಯೋ ಹುಚ್ಚಿ! ತಾಳು, ಕಿಡ್ನಿ ಬರ್ಲಿ. ಅವತ್ತು ಆ ಗಾಡೀನ ಗೇಟ್ ಮುಂದೆ ನಿಲ್ಸಿ ಅಷ್ಟನ್ನೂ ನಿಂಗೇ ಕೊಡಿಸ್ತೀನಿ.”

“ಕೊಡಿಸು” ಅಂದೆ.

ಕಣ್ಣು ಒರೆಸಿಕೊಂಡೆ. ನಿದ್ದೆಯ ಕಣ್ಣು ಅಂದುಕೊಂಡಿರಬೇಕು ಅವನು. ಹೊದಿಕೆಯ ಮರೆಯಲ್ಲಿ ಹೆಬ್ಬೆರಳಿನಿಂದ ಮೊಬೈಲಿನ ಕಿಟಕಿಯಲ್ಲಿದ್ದದ್ದನ್ನು ಅಳಿಸಿದೆ. ಅವನು ಎದ್ದು, ಗೂಟದಿಂದ ಅಂಗಿ ತೆಗೆದು ತೊಟ್ಟು, ಖಾಲಿ ಜೇಬು ಮುಟ್ಟಿ ನೋಡಿ, “ಫೋನೆಲ್ಲಿ? ಕೊಡು ಇತ್ಲಾಗೆ” ಎಂದು ಕೈಚಾಚಿದ.

“ಇನ್ಮೇಲೆ ಅದು ನನ್ ಹತ್ರಾನೇ ಇರ್ಲಿ” ಅಂದೆ.

ತುಂಬ ಮೆಲ್ಲಗೆ ಅಂದೆ. ಅವನಿಗೆ ಕೇಳಿಸಿತು.